30 ಸಾವಿರದ ಹೆಡ್‌ಫೋನ್: ದುಡ್ಡು ಕೊಡ್ತಿರೋದು ಹಾಡಿಗಾ, ನಿಶ್ಶಬ್ದಕ್ಕಾ?

ಹಬ್ಬದ ಸೇಲ್ ಶುರುವಾಯಿತೆಂದರೆ ನನ್ನ ವಾಟ್ಸಾಪ್‌ಗೆ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. "ಸರ್, ನೀವು ಎಲೆಕ್ಟ್ರಾನಿಕ್ಸ್ ಓದಿದವರಲ್ವಾ? ಮನೇಲಿ ಹಾಡು ಕೇಳೋಕೆ ಅಂತ 30 ಸಾವಿರದ ಹೆಡ್‌ಫೋನ್ ತಗೊಂಡ್ರೆ ವರ್ತಾ?" ಕೇಳುವವರಲ್ಲಿ ಹೆಚ್ಚಿನವರು ಮೊದಲ ಅಥವಾ ಎರಡನೇ ಕೆಲಸದಲ್ಲಿರುವ ಹುಡುಗ ಹುಡುಗಿಯರು. ಐಟಿ ಫ್ರೆಶರ್ ಒಬ್ಬರ ತಿಂಗಳ ಸಂಬಳವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅಂದರೆ ಇದು ಒಂದು ತಿಂಗಳ ದುಡಿಮೆಯ ಪ್ರಶ್ನೆ.

ನಾನು ತಿರುಗಿ ಒಂದೇ ಮಾತು ಕೇಳುತ್ತೇನೆ: "ಈಗ ಇರೋದ್ರಲ್ಲಿ ಏನು ತೊಂದರೆ?" ಬಾಸ್ ಸರಿ ಇಲ್ಲ, ಹಾಡುವವರ ದನಿ ಮಂಕಾಗಿ ಕೇಳುತ್ತೆ ಅನ್ನುವವರು ಕೆಲವರು. ಜಾಸ್ತಿ ಬರುವ ಉತ್ತರ ಬೇರೆ. ಪಕ್ಕದ ಸೈಟಲ್ಲಿ ಬಿಲ್ಡಿಂಗ್ ಏಳ್ತಾ ಇದೆ. ಕೆಳಗೆ ಜನರೇಟರ್ ಇಟ್ಟಿದ್ದಾರೆ. ಮನೆ ಮೇನ್ ರೋಡಲ್ಲಿದೆ. ಪಿಜಿಯಲ್ಲಿ ತ್ರೀ ಶೇರಿಂಗ್, ರೂಮ್‌ಮೇಟ್ ರೀಲ್ಸ್ ಹಾಕ್ಕೊಂಡು ಕೂತಿರ್ತಾನೆ. ಹೆಡ್‌ಫೋನ್ ಕೊಳ್ಳಲು ಹೊರಟವರು ಹೇಳುತ್ತಿರುವ ತೊಂದರೆ ಹೆಡ್‌ಫೋನಿನದ್ದೇ ಅಲ್ಲ. ಅದು ಅವರು ಬದುಕುತ್ತಿರುವ ಊರಿನದ್ದು.

ಹಾಗಾಗಿ ಈ ಪ್ರಶ್ನೆಯನ್ನು ಎರಡಾಗಿ ಒಡೆಯಬೇಕು. ದುಬಾರಿ ಹೆಡ್‌ಫೋನ್ ಹಾಡನ್ನು ಚೆನ್ನಾಗಿ ಕೇಳಿಸುತ್ತದಾ? ಮನೆಯ ಗದ್ದಲದಿಂದ ನಮ್ಮನ್ನು ಉಳಿಸುತ್ತದಾ? ಎರಡಕ್ಕೂ ಬೇರೆ ಬೇರೆ ಉತ್ತರ ಇದೆ. ಜಾಹೀರಾತು ಎರಡನ್ನೂ ಕಲಸಿ ಒಂದೇ ಬೆಲೆಗೆ ಮಾರುತ್ತದೆ.

ಬೆಲೆಗೂ ದನಿಗೂ ನಂಟಿದೆಯಾ?

ಹೆಡ್‌ಫೋನ್‌ನ ಗುಣ ಅಳೆಯೋಕೆ ಎಂಜಿನಿಯರುಗಳು ಮೊದಲು ನೋಡುವುದು ಫ್ರೀಕ್ವೆನ್ಸಿ ರೆಸ್ಪಾನ್ಸ್. 20 ಹರ್ಟ್ಸ್‌ನ ಆಳದ ಕಂಪನದಿಂದ ಹಿಡಿದು 20,000 ಹರ್ಟ್ಸ್‌ನ ಚೂಪು ಸದ್ದಿನವರೆಗೆ ಯಾವುದನ್ನು ಎಷ್ಟು ಜೋರಾಗಿ ಕೇಳಿಸುತ್ತದೆ ಅನ್ನುವ ಗೆರೆ ಅದು. ನಮಗೆ ದನಿ 'ಚೆನ್ನಾಗಿದೆ' ಅನ್ನಿಸುವುದರಲ್ಲಿ ದೊಡ್ಡ ಪಾಲು ಈ ಗೆರೆಯದ್ದೇ.

2017ರಲ್ಲಿ ಯೆರೂನ್ ಬ್ರೇಬಾರ್ಟ್ ಅನ್ನುವ ಸಂಶೋಧಕ 283 ಹೆಡ್‌ಫೋನ್‌ಗಳ ಅಳತೆಯನ್ನು ಅವುಗಳ ಬೆಲೆಯ ಪಕ್ಕ ಇಟ್ಟು ನೋಡಿದರು. ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಅದು ಪ್ರಕಟವಾಯಿತು. ಫಲಿತಾಂಶ ಶೀರ್ಷಿಕೆಯಲ್ಲೇ ಇತ್ತು: ಹೆಡ್‌ಫೋನ್‌ನ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಅದರ ಬೆಲೆಗೂ ಸಂಬಂಧ ಇಲ್ಲ.

ದುಬಾರಿಯದ್ದೆಲ್ಲ ಮೋಸ ಅಂತ ಇದರರ್ಥವಲ್ಲ. ಬೆಲೆಯ ಚೀಟಿ ನೋಡಿ ದನಿ ಹೇಗಿರುತ್ತೆ ಅಂತ ಊಹಿಸೋಕೆ ಬರಲ್ಲ, ಅಷ್ಟೇ. ಹಗುರ ಕಟ್ಟು, ಮೆತ್ತನೆ ಇಯರ್ ಪ್ಯಾಡ್, ಒಳ್ಳೆಯ ಮೈಕ್, ಸರಿಯಾಗಿ ನಡೆಯೋ ಆಪ್, ಇವಕ್ಕೆಲ್ಲ ನಿಜವಾಗಿಯೂ ದುಡ್ಡು ಬೇಕು. ಆದರೆ 3 ಸಾವಿರದ್ದಕ್ಕಿಂತ 30 ಸಾವಿರದ್ದು ಹತ್ತು ಪಟ್ಟು ಚೆನ್ನಾಗಿ ಹಾಡುತ್ತೆ ಅನ್ನುವ ಲೆಕ್ಕಕ್ಕೆ ಆಧಾರವಿಲ್ಲ.

ಇನ್ನೊಂದು ಕೆಲಸ ಹಾರ್ಮನ್ ಕಂಪನಿಯ ಶಾನ್ ಓಲಿವ್ ಮತ್ತು ಟಾಡ್ ವೆಲ್ಟಿ ಅವರದ್ದು. ಜನಕ್ಕೆ ಎಂಥ ದನಿ ಇಷ್ಟ ಅಂತ ಬ್ರ್ಯಾಂಡ್ ಮುಚ್ಚಿಟ್ಟು ಕೇಳಿಸಿ, ವರ್ಷಗಟ್ಟಲೆ ಪರೀಕ್ಷೆ ಮಾಡಿ ಒಂದು ಗೆರೆ ತಯಾರಿಸಿದರು. ಅದಕ್ಕೆ 'ಹಾರ್ಮನ್ ಟಾರ್ಗೆಟ್' ಅಂತ ಹೆಸರು. ಬೇರೆ ಬೇರೆ ದೇಶ, ವಯಸ್ಸು, ಅನುಭವದ ಕೇಳುಗರಲ್ಲಿ ಬಹುಪಾಲು ಜನ ಆ ಗೆರೆಯ ಹತ್ತಿರದ ದನಿಯನ್ನೇ ಮೆಚ್ಚಿದರು. ಈ ಸಂಶೋಧನೆ ಪ್ರಕಟವಾಗಿದ್ದರಿಂದ ದೊಡ್ಡ ಲಾಭ ಆಗಿದ್ದು ಚೀನಾದ ಸಣ್ಣ ಕಂಪನಿಗಳಿಗೆ. ಆ ಗುರಿ ಇಟ್ಟುಕೊಂಡು ಅವರು ತಯಾರಿಸುವ ವೈರ್ ಇರುವ ಇಯರ್‌ಫೋನ್‌ಗಳು ಇವತ್ತು 2 ಸಾವಿರ ರೂಪಾಯಿ ಆಸುಪಾಸಿಗೆ ಸಿಗುತ್ತವೆ. ಒಳ್ಳೆ ದನಿ ಅಗ್ಗವಾಗಿ ಕೆಲ ವರ್ಷಗಳೇ ಆದವು, ಆ ಸುದ್ದಿಗೆ ಜಾಹೀರಾತು ಕೊಡುವವರಿಲ್ಲ.

ಅಂಗಡಿಯಲ್ಲಿ ಹಾಕಿಕೊಂಡು ನೋಡಿ ತಗೊಳ್ತೀನಿ ಅನ್ನುವವರಿಗೆ ಒಂದು ಎಚ್ಚರಿಕೆ. ಎರಡು ಹೆಡ್‌ಫೋನ್‌ಗಳಲ್ಲಿ ಒಂದು ತುಸುವೇ ಜೋರಾಗಿದ್ದರೂ ನಮ್ಮ ಮೆದುಳು ಅದನ್ನು 'ಜೋರು' ಅನ್ನಲ್ಲ, 'ಚೆಂದ' ಅನ್ನುತ್ತೆ. ವಾಲ್ಯೂಮ್ ಸಮ ಮಾಡದೆ ಮಾಡಿದ ಹೋಲಿಕೆಯನ್ನು ನಂಬಬೇಡಿ. ಮಾರುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು.

ಬ್ರ್ಯಾಂಡ್ ಬೇರೆ, ಒಡೆಯ ಯಾರು?

ಬ್ರ್ಯಾಂಡ್ ನಿಷ್ಠೆ ಇರುವವರು ಸ್ವಲ್ಪ ಮಾಲೀಕತ್ವದ ಕಡೆಗೂ ನೋಡಬೇಕು. ಜೆಬಿಎಲ್, ಎಕೆಜಿ ಎರಡೂ ಹಾರ್ಮನ್‌ನವು. ಹಾರ್ಮನ್ 2017ರಿಂದ ಸ್ಯಾಮ್‌ಸಂಗ್‌ನದ್ದು. 2025ರಲ್ಲಿ ಡೆನಾನ್, ಬೋವರ್ಸ್ ಆ್ಯಂಡ್ ವಿಲ್ಕಿನ್ಸ್ ಕೂಡ ಅದೇ ಬುಟ್ಟಿಗೆ ಬಿದ್ದವು. ಬೀಟ್ಸ್ ಅನ್ನು ಆ್ಯಪಲ್ 2014ರಲ್ಲಿ 300 ಕೋಟಿ ಡಾಲರ್‌ಗೆ ಕೊಂಡಿತು. ಎಲ್ಲಕ್ಕಿಂತ ಸ್ವಾರಸ್ಯದ್ದು ಸೆನ್‌ಹೈಸರ್ ಕಥೆ. ಅದರ ಗ್ರಾಹಕ ಹೆಡ್‌ಫೋನ್ ವ್ಯವಹಾರವನ್ನು 2021ರಲ್ಲಿ ಕೊಳ್ಳಲು ಮುಂದಾಗಿ, 2022ರಲ್ಲಿ ಕೈವಶ ಮಾಡಿಕೊಂಡಿದ್ದು ಸ್ವಿಟ್ಜರ್ಲೆಂಡ್‌ನ ಸೊನೋವಾ. ಅದರ ಮುಖ್ಯ ಧಂದೆ ಶ್ರವಣ ಯಂತ್ರಗಳನ್ನು ಮಾಡೋದು. ಒಬ್ಬನೇ ಗಿರಾಕಿ ಇಪ್ಪತ್ತೈದಕ್ಕೆ ಹೆಡ್‌ಫೋನ್, ಅರವತ್ತಕ್ಕೆ ಹಿಯರಿಂಗ್ ಏಡ್ ಕೊಳ್ಳುತ್ತಾನೆ ಅನ್ನುವುದು ಮಾರುಕಟ್ಟೆಗೆ ಅರ್ಥವಾಗಿದೆ.

ಫೈಲ್ ದೊಡ್ಡದಾದರೆ ಹಾಡು ದೊಡ್ಡದಾಗಲ್ಲ

ದುಬಾರಿ ಹೆಡ್‌ಫೋನ್ ಜೊತೆಗೆ ಬರುವ ಇನ್ನೊಂದು ಆಮಿಷ 'ಹೈ-ರೆಸ್ ಆಡಿಯೋ'. ಸಿಡಿಯಲ್ಲಿ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಇಟ್ಟಿರುತ್ತಾರೆ. ಗಣಿತದ ಪ್ರಕಾರ 22,050 ಹರ್ಟ್ಸ್‌ವರೆಗಿನ ದನಿಯನ್ನು ಹಿಡಿಯೋಕೆ ಅದು ಸಾಕು, ಮನುಷ್ಯನ ಕಿವಿ 20 ಸಾವಿರಕ್ಕೇ ನಿಲ್ಲುತ್ತೆ. ಮೂವತ್ತು ದಾಟಿದ ನನ್ನಂಥವರಿಗೆ ಅಷ್ಟೂ ಕೇಳಲ್ಲ.

2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಹೈ-ರೆಸ್ ದನಿಯನ್ನೂ, ಅದನ್ನೇ ಸಿಡಿ ಗುಣಮಟ್ಟಕ್ಕೆ ಇಳಿಸಿದ್ದನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿಯಾದ ಉತ್ತರ 276. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು.

ಇನ್ನು ಬ್ಲೂಟೂತ್. ಸಿಡಿಯ ದನಿಗೆ ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. ಬ್ಲೂಟೂತ್‌ನಲ್ಲಿ ಹೆಚ್ಚು ಸಾಗಿಸುವ ಎಲ್‌ಡ್ಯಾಕ್ ವಿಧಾನದ ಗರಿಷ್ಠವೇ 990. ಸಾಮಾನ್ಯ ಎಸ್‌ಬಿಸಿ ಸುಮಾರು 328ರ ಹತ್ತಿರ ನಿಲ್ಲುತ್ತದೆ. ಇದರಿಂದ ಹಾಡು ಕೆಟ್ಟುಹೋಗುತ್ತೆ ಅಂತ ನಾನು ಹೇಳಲ್ಲ, ಒಳ್ಳೆ ಕಂಪ್ರೆಷನ್‌ನಲ್ಲಿ ವ್ಯತ್ಯಾಸ ಗುರುತಿಸೋದು ಕಷ್ಟ. ಆದರೆ ಯೂಟ್ಯೂಬ್‌ನಲ್ಲಿ ಯಾರೋ ಹಳೇ ಕ್ಯಾಸೆಟ್‌ನಿಂದ ಏರಿಸಿದ ಹಾಡನ್ನು, ಬ್ಲೂಟೂತ್‌ನಲ್ಲಿ ಕಳಿಸಿ, ಡಬ್ಬಿ ಮೇಲಿನ 'ಹೈ-ರೆಸ್' ಚಿನ್ನದ ಸ್ಟಿಕರ್ ನೋಡಿ ಖುಷಿಪಡೋದಕ್ಕೆ ದುಡ್ಡು ಕೊಡಬೇಕಾ?

ನಾವು ಏನು ಕೇಳುತ್ತೇವೆ ಅನ್ನೋದೂ ಮುಖ್ಯ. ಮಲ್ಲಿಕಾರ್ಜುನ ಮನ್ಸೂರರ ಹಳೆಯ ರೆಕಾರ್ಡಿಂಗ್‌ಗಳನ್ನೋ, ಕಪ್ಪುಬಿಳುಪು ಕಾಲದ ಕನ್ನಡ ಸಿನಿಮಾ ಹಾಡುಗಳನ್ನೋ ಕೇಳುವವರಿಗೆ ಸಿಗುವುದು ಹೆಚ್ಚಾಗಿ ಮೊನೊ ದನಿ. ಎಡ ಬಲ ಎರಡೂ ಕಿವಿಗೆ ಒಂದೇ. ವಿಮರ್ಶಕರು ಹೊಗಳುವ 'ವಿಶಾಲವಾದ ಸೌಂಡ್‌ಸ್ಟೇಜ್' ಅಲ್ಲಿ ಹುಟ್ಟೋದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿದರೆ ಮನ್ಸೂರರ ದನಿಯ ಜೊತೆ ಟೇಪಿನ ಸುಯ್‌ಗುಟ್ಟುವಿಕೆ ಕೂಡ ಚೆನ್ನಾಗಿ ಕೇಳುತ್ತೆ. ಪಾಡ್‌ಕಾಸ್ಟ್, ಭಾಷಣ, ಸಂದರ್ಶನ ಕೇಳುವವರಿಗಂತೂ ದುಬಾರಿ ಹೆಡ್‌ಫೋನ್ ಕೊಡುವ ಹೆಚ್ಚುವರಿ ಲಾಭ ತೀರಾ ಕಮ್ಮಿ.

ಮನೆಯೊಳಗೆ ಎಷ್ಟು ಗದ್ದಲ?

ಎರಡನೇ ಪ್ರಶ್ನೆಗೆ ಬರೋಣ. ಶಬ್ದಮಾಲಿನ್ಯ ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟ್ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 50 ಮತ್ತು 40. ಅದೇ ನಿಯಮದಲ್ಲಿ ಒಂದು ಸಡಿಲಿಕೆಯೂ ಇದೆ: ಸದ್ದು ಮಿತಿಗಿಂತ 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚಾದಾಗ ದೂರು ಕೊಡಬಹುದು. ಡೆಸಿಬೆಲ್ ಲೆಕ್ಕ ಮಾಮೂಲಿ ಕೂಡಿಸುವ ಲೆಕ್ಕ ಅಲ್ಲ. 10 ಹೆಚ್ಚಾದರೆ ಕಿವಿಗೆ ಹೆಚ್ಚುಕಮ್ಮಿ ಎರಡು ಪಟ್ಟು ಜೋರು ಅನ್ನಿಸುತ್ತೆ, ಶಕ್ತಿಯಲ್ಲಿ ಹತ್ತು ಪಟ್ಟು.

ಹಾಡಿನ ಮೆಲುದನಿಯ ಭಾಗಗಳು ಈ ಗದ್ದಲದ ಕೆಳಗೆ ಮುಳುಗಿಹೋಗುತ್ತವೆ. ಆಲಾಪದ ಶುರು, ತಂಬೂರಿಯ ಕೊನೆಯ ಝೇಂಕಾರ, ಹಾಡುವವರ ಉಸಿರು, ಯಾವುದಕ್ಕೆ ಅಂತ ಅಷ್ಟು ದುಡ್ಡು ಕೊಟ್ಟಿರೋ ಅದೇ ಮೊದಲು ಕಾಣೆಯಾಗೋದು. ಆಗ ನಾವು ವಾಲ್ಯೂಮ್ ಏರಿಸ್ತೀವಿ. ಇಲ್ಲಿಂದ ಸಂಗೀತದ ಪ್ರಶ್ನೆ ಆರೋಗ್ಯದ ಪ್ರಶ್ನೆಯಾಗುತ್ತೆ.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ: ದೊಡ್ಡವರಿಗೆ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬೆಲ್ ಹೆಚ್ಚಿಸಿದಾಗ ಸುರಕ್ಷಿತ ಸಮಯ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಬರೀ 5 ಗಂಟೆ. ರಸ್ತೆಯ ಸದ್ದು ಮುಚ್ಚೋಕೆ ವಾಲ್ಯೂಮ್ ಬಟನ್ನನ್ನು ಎರಡು ಮೂರು ಸಲ ಒತ್ತಿದರೆ ವಾರದ ಕೋಟಾ ಒಂದೇ ದಿನದಲ್ಲಿ ಮುಗಿಯಬಹುದು. ಒಳಕಿವಿಯ ಕೂದಲಿನಂಥ ಜೀವಕೋಶಗಳು ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟಲ್ಲ. ಅಸುರಕ್ಷಿತವಾಗಿ ಕೇಳುವ ಅಭ್ಯಾಸದಿಂದ ಜಗತ್ತಿನ 100 ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿ ಅಪಾಯದಲ್ಲಿದೆ ಅನ್ನುತ್ತದೆ ಅದೇ ಸಂಸ್ಥೆ.

ಹಾಗಾದರೆ ಗದ್ದಲ ಕೊಲ್ಲುವ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನೇ ಪರಿಹಾರವಾ? ಅರ್ಧ ಹೌದು. ಹೊರಗಿನ ಸದ್ದನ್ನು ಮೈಕ್‌ನಿಂದ ಕೇಳಿಸಿಕೊಂಡು, ಅದರ ತದ್ವಿರುದ್ಧ ಅಲೆಯನ್ನು ಹುಟ್ಟಿಸಿ ಎರಡೂ ಒಂದನ್ನೊಂದು ನುಂಗುವಂತೆ ಮಾಡುವುದು ಈ ತಂತ್ರ. ಅಮರ್ ಬೋಸ್ ಅವರಿಗೆ ಇದರ ಯೋಚನೆ ಬಂದಿದ್ದು 1978ರಲ್ಲಿ, ಜ್ಯೂರಿಕ್‌ನಿಂದ ಹೊರಟ ವಿಮಾನದಲ್ಲಿ. ತಂತ್ರದ ಬಲವೂ ಮಿತಿಯೂ ಆ ವಿಮಾನದಲ್ಲೇ ಇದೆ. ಎಂಜಿನ್, ಎಸಿ, ಜನರೇಟರ್, ಫ್ಯಾನ್ ಥರದ ಒಂದೇ ಸಮನೆ ಗುಂಯ್‌ಗುಡುವ ತಗ್ಗು ಸದ್ದಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತೆ. ಸುಮಾರು 1,000 ಹರ್ಟ್ಸ್ ದಾಟಿದ, ದಿಢೀರನೆ ಬರುವ ಸದ್ದಿಗೆ ಅಷ್ಟು ಚುರುಕಾಗಿ ಎದುರು ಅಲೆ ಹುಟ್ಟಿಸೋಕೆ ಆಗಲ್ಲ. ಅಂದರೆ ಹಾರ್ನ್, ಕುಕ್ಕರ್ ವಿಷಲ್, ಗ್ರಾನೈಟ್ ಕೊಯ್ಯುವ ಯಂತ್ರ, ನಾಯಿ ಬೊಗಳುವುದು, ಪಕ್ಕದ ಮನೆಯ ಜಗಳ, ಹೀಗೆ ನಮ್ಮ ಮನೆಗಳ ಅಸಲಿ ಸದ್ದುಗಳ ಮುಂದೆ ಎಲೆಕ್ಟ್ರಾನಿಕ್ಸ್‌ಗಿಂತ ಹೆಚ್ಚು ಕೆಲಸ ಮಾಡುವುದು ಕಿವಿಯನ್ನು ಗಟ್ಟಿಯಾಗಿ ಮುಚ್ಚುವ ಪ್ಯಾಡ್ ಅಥವಾ ಸರಿಯಾಗಿ ಕೂರುವ ರಬ್ಬರ್ ತುದಿ. ಅದಕ್ಕೆ 30 ಸಾವಿರ ಬೇಕಿಲ್ಲ.

ಆಡಿಯೋ ಪ್ರಿಯರು ಹೊಗಳುವ ಓಪನ್-ಬ್ಯಾಕ್ ಹೆಡ್‌ಫೋನ್‌ಗಳ ಕಥೆ ಇನ್ನೂ ಬೇರೆ. ಅವುಗಳ ಹಿಂಬದಿ ತೆರೆದಿರುತ್ತೆ; ಹೊರಗಿನ ಸದ್ದು ಒಳಗೆ, ಒಳಗಿನ ಹಾಡು ಹೊರಗೆ. ಮೌನವಾದ ಕೋಣೆ ಇದ್ದವರಿಗೆ ಅದು ಸೊಗಸು. ಮೇನ್ ರೋಡಿನ ಮನೆಗೆ, ಪಿಜಿ ರೂಮಿಗೆ ಅದು ದಂಡ.

ತೆರಿಗೆ ಮತ್ತು ಬ್ಯಾಟರಿ

ನೀವು ಕೊಡುವ ದುಡ್ಡಿನಲ್ಲಿ ಸರ್ಕಾರದ ಪಾಲನ್ನೂ ನೋಡಿ. 2022ರ ಬಜೆಟ್‌ನಲ್ಲಿ ಹೆಡ್‌ಫೋನ್ ಮೇಲಿನ ಆಮದು ಸುಂಕವನ್ನು ಶೇ 15ರಿಂದ 20ಕ್ಕೆ ಏರಿಸಲಾಯಿತು. ಆ ದರದಲ್ಲಿ 10 ಸಾವಿರ ರೂಪಾಯಿಯ ಮಾಲು ಬಂದರಿಗೆ ಬಂತು ಅಂದುಕೊಳ್ಳಿ. ಸುಂಕ 2,000, ಅದರ ಮೇಲೆ ಶೇ 10ರ ಸಮಾಜ ಕಲ್ಯಾಣ ಸರ್‌ಚಾರ್ಜ್ 200. ಒಟ್ಟು 12,200ರ ಮೇಲೆ ಶೇ 18 ಜಿಎಸ್‌ಟಿ 2,196. ಅಂಗಡಿಯವನ ಲಾಭಕ್ಕೆ ಮೊದಲೇ ಬೆಲೆ 14,396. ಮುಕ್ತ ವ್ಯಾಪಾರ ಒಪ್ಪಂದ ಇರುವ ದೇಶದಿಂದ ಬಂದರೆ ಅಥವಾ ಇಲ್ಲೇ ತಯಾರಾದರೆ ಈ ಲೆಕ್ಕ ಇಳಿಯುತ್ತದೆ. ಇಲ್ಲದಿದ್ದರೆ ಹೊರದೇಶದ ಬೆಲೆ ನೋಡಿ ಬರೆದ ವಿಮರ್ಶೆಯ 'ಕೊಟ್ಟ ಕಾಸಿಗೆ ಮೋಸವಿಲ್ಲ' ಅನ್ನುವ ತೀರ್ಪು ಇಲ್ಲಿಗೆ ಹೊಂದಲ್ಲ.

ಆಯಸ್ಸಿನ ಲೆಕ್ಕ ಇನ್ನೂ ಮುಖ್ಯ. ಬ್ಯಾಟರಿ ಇಲ್ಲದ ವೈರ್ ಹೆಡ್‌ಫೋನ್‌ನಲ್ಲಿ ಹಾಳಾಗುವುದು ಕೇಬಲ್ ಮತ್ತು ಪ್ಯಾಡ್. ಎರಡನ್ನೂ ಬದಲಾಯಿಸಬಹುದಾದರೆ ಅದು ದಶಕಗಟ್ಟಲೆ ನಡೆಯುತ್ತೆ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600 ಇಷ್ಟು ವರ್ಷ ಚಾಲ್ತಿಯಲ್ಲಿ ಉಳಿದಿದ್ದು ಹಾಗೆಯೇ. ವೈರ್‌ಲೆಸ್‌ನ ಆಯಸ್ಸು ಅದರ ಲಿಥಿಯಂ ಬ್ಯಾಟರಿಯ ಆಯಸ್ಸು. ಕಿವಿಯೊಳಗೆ ಕೂರುವ ಸಣ್ಣ ಬಡ್ಸ್‌ಗಳನ್ನಂತೂ ಅಂಟು ಹಾಕಿ ಮುಚ್ಚಿರುತ್ತಾರೆ. ಬ್ಯಾಟರಿ ಸತ್ತರೆ ಕಸದ ಬುಟ್ಟಿಗೆ. ಐರೋಪ್ಯ ಒಕ್ಕೂಟ 2023ರಲ್ಲಿ ತಂದ ಕಾನೂನಿನಂತೆ, 2027ರ ಫೆಬ್ರವರಿ 18ರಿಂದ ಸಣ್ಣ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು. ಇಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ಪೋರ್ಟಲ್ ಮಾಹಿತಿ ಕೊಡುತ್ತದೆ, ಅಂಟು ಬಿಡಿಸಿ ಅಂತ ಕಂಪನಿಗೆ ಹೇಳುವ ಅಧಿಕಾರ ಅದಕ್ಕಿಲ್ಲ.

ನಿಶ್ಶಬ್ದವೂ ಬಾಟಲಿ ನೀರಾಗುತ್ತಿದೆ

ನಲ್ಲಿ ನೀರು ಕುಡಿಯೋಕಾಗಲ್ಲ ಅಂತ ಕ್ಯಾನ್ ತರಿಸಿದೆವು. ಕರೆಂಟ್ ನಂಬೋಕಾಗಲ್ಲ ಅಂತ ಯುಪಿಎಸ್ ಇಟ್ಟೆವು. ಬಸ್ ಸಾಲದು ಅಂತ ಸಾಲ ಮಾಡಿ ಸ್ಕೂಟರ್ ತಗೊಂಡೆವು. ಈಗ ಗದ್ದಲ ತಡೆಯೋಕಾಗಲ್ಲ ಅಂತ ಹೆಡ್‌ಫೋನ್. ಸಾರ್ವಜನಿಕವಾಗಿ ಸಿಗಬೇಕಾದ ಒಂದೊಂದನ್ನೂ ನಾವು ಇಎಂಐ ಮೇಲೆ ಖಾಸಗಿಯಾಗಿ ಕೊಳ್ಳುತ್ತಾ ಬಂದಿದ್ದೇವೆ. ಕೊಳ್ಳಬಲ್ಲವರು ಕೊಂಡ ಮೇಲೆ ಕೇಳುವವರ ಸಂಖ್ಯೆ ಕಮ್ಮಿಯಾಗುತ್ತೆ. ಸರ್ಕಾರಕ್ಕೆ ಅದು ಅನುಕೂಲ.

ಕೊಳ್ಳಲಾಗದವರ ಪಟ್ಟಿ ಉದ್ದವಿದೆ. ಸಿಗ್ನಲ್‌ನಲ್ಲಿ ದಿನವಿಡೀ ನಿಲ್ಲುವ ಟ್ರಾಫಿಕ್ ಪೊಲೀಸ್, ಕಟ್ಟಡದ ಕೆಲಸದಲ್ಲಿ ಕಲ್ಲು ಕೊಯ್ಯುವವರು, ರಸ್ತೆ ಗುಡಿಸುವ ಪೌರಕಾರ್ಮಿಕರು, ಆಟೋ ಚಾಲಕರು, ಡೆಲಿವರಿ ಹುಡುಗರು. ನನ್ನ ನಿದ್ದೆ ಕೆಡಿಸುವ ಸದ್ದಿನ ಒಳಗೇ ಅವರ ಕೆಲಸದ ಪಾಳಿ ನಡೆಯುತ್ತದೆ. ಅವರು ಕಿವಿ ಮುಚ್ಚಿಕೊಂಡರೆ ಅಪಘಾತ.

ಕಾನೂನು ಇಲ್ಲದೇ ಇಲ್ಲ. 2005ರ ಜುಲೈ 18ರಂದು ಸುಪ್ರೀಂ ಕೋರ್ಟ್ ಶಬ್ದಮಾಲಿನ್ಯ ಪ್ರಕರಣದಲ್ಲಿ ಕೊಟ್ಟ ತೀರ್ಪು, ಗದ್ದಲವಿಲ್ಲದೆ ಬದುಕುವುದನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಜೊತೆ ಸೇರಿಸಿತು. ಮಾತಾಡುವ ಸ್ವಾತಂತ್ರ್ಯ ಅಂದರೆ ಕೇಳಲು ಇಷ್ಟವಿಲ್ಲದವರ ಕಿವಿಗೆ ಮೈಕ್ ಹಿಡಿಯುವ ಸ್ವಾತಂತ್ರ್ಯ ಅಲ್ಲ ಅನ್ನುವುದು ಅದರ ತಾತ್ಪರ್ಯ. ಅಳತೆಯೂ ನಡೆಯುತ್ತಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2011ರಲ್ಲಿ ಶುರು ಮಾಡಿದ ಜಾಲದಲ್ಲಿ 7 ಮಹಾನಗರಗಳ 70 ಕೇಂದ್ರಗಳಿವೆ, ಬೆಂಗಳೂರಿನಲ್ಲಿ 10. ನಿಮ್ಹಾನ್ಸ್ ಆವರಣದಲ್ಲೂ ಒಂದಿದೆ. ಅಳೆದು ಬರೆದಿಡುತ್ತಾರೆ, ಆಮೇಲೆ ಏನಾಗಬೇಕು ಅನ್ನೋದಕ್ಕೆ ಹೊಣೆಗಾರರಿಲ್ಲ.

ಗದ್ದಲ ಇಲ್ಲಿ ರಾಜಕೀಯವಾಗಿದ್ದು ಯಾವಾಗ ನೆನಪಿಸಿಕೊಳ್ಳಿ. 2022ರಲ್ಲಿ ಕೆಲವು ಹಿಂದುತ್ವ ಸಂಘಟನೆಗಳು ಮಸೀದಿಯ ಮೈಕ್‌ಗಳನ್ನು ಗುರಿ ಮಾಡಿದಾಗ. ಆ ಮೇ ತಿಂಗಳಲ್ಲಿ ಸರ್ಕಾರ ಧ್ವನಿವರ್ಧಕಗಳ ಬಗ್ಗೆ ಆದೇಶವನ್ನೂ ಹೊರಡಿಸಿತು. ಅಷ್ಟು ದಿನ ನಡೆದ ಚರ್ಚೆಯಲ್ಲಿ ಜನರೇಟರ್ ಇರಲಿಲ್ಲ, ರಾತ್ರಿ ಕಾಂಕ್ರೀಟ್ ಸುರಿಯುವ ಲಾರಿ ಇರಲಿಲ್ಲ, ಸೈಲೆನ್ಸರ್ ಕಿತ್ತ ಬೈಕ್ ಇರಲಿಲ್ಲ, ಪಕ್ಷಗಳ ಪ್ರಚಾರ ವಾಹನವಂತೂ ಇರಲೇ ಇಲ್ಲ. ದಿನಕ್ಕೆ ಕೆಲ ನಿಮಿಷದ ಸದ್ದು ಯಾರದ್ದು ಅಂತ ಜಗಳ ಆಯಿತು, 24 ಗಂಟೆಯ ಸದ್ದು ಯಾರದ್ದೂ ಅಲ್ಲದೆ ಉಳಿಯಿತು. ಮಿತಿ ಎಲ್ಲರಿಗೂ ಒಂದೇ ಆಗಿ ಜಾರಿಯಾದರೆ ಮಸೀದಿ, ದೇವಸ್ಥಾನ, ಬಿಲ್ಡರ್ ಮೂವರಿಗೂ ಅನ್ವಯಿಸುತ್ತೆ. ಆ ಬೇಡಿಕೆಯನ್ನು ಯಾವ ಪಕ್ಷವೂ ಎತ್ತಿಲ್ಲ.

ಹಾಗಾದರೆ ತಗೋಬೇಕಾ?

ಕೇಳಿದವರಿಗೆ ನಾನು ಕೊಡುವ ಉತ್ತರ ಹೀಗಿದೆ.

ಹಾಡು ಚೆನ್ನಾಗಿ ಕೇಳಬೇಕು ಅನ್ನುವುದಷ್ಟೇ ಆಸೆಯಾದರೆ 2 ಸಾವಿರದ ವೈರ್ ಇಯರ್‌ಫೋನ್ ಅಥವಾ 5ರಿಂದ 10 ಸಾವಿರದೊಳಗಿನ ಕ್ಲೋಸ್ಡ್-ಬ್ಯಾಕ್ ಹೆಡ್‌ಫೋನ್ ಸಾಕು. ಫೋನ್‌ಗೆ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಅಡಾಪ್ಟರ್ ಹಾಕಿ. ದನಿ ಹಿಡಿಸದಿದ್ದರೆ ಈಕ್ವಲೈಸರ್ ಇದೆ. ನೂರಾರು ಮಾಡೆಲ್‌ಗಳಿಗೆ ಹೊಂದುವ ಸೆಟ್ಟಿಂಗ್‌ಗಳನ್ನು 'ಆಟೋಇಕ್ಯೂ' ಯೋಜನೆ ಪುಕ್ಕಟೆ ಕೊಡುತ್ತದೆ.

ಮನೆಯಲ್ಲಿ ಜನರೇಟರ್, ಎಸಿ, ಹೈವೇಯಂಥ ಒಂದೇ ಸಮನೆಯ ಮೊರೆತ ಇದ್ದು, ಅಲ್ಲೇ ಕೂತು ದಿನಕ್ಕೆ ಆರೇಳು ಗಂಟೆ ಕೆಲಸ ಮಾಡುವವರಾದರೆ ನಾಯ್ಸ್ ಕ್ಯಾನ್ಸಲಿಂಗ್‌ಗೆ ದುಡ್ಡು ಹಾಕುವುದರಲ್ಲಿ ಅರ್ಥವಿದೆ. ಆಗ ಅದು ಕಿವಿ ಉಳಿಸುವ ಸಾಧನ. ಹಿಂದಿನ ವರ್ಷದ ಮಾಡೆಲ್ ತಗೊಳ್ಳಿ, ಬ್ಯಾಟರಿ ಸತ್ತ ಮೇಲೂ ವೈರ್‌ನಲ್ಲಿ ನಡೆಯುತ್ತಾ, ಪ್ಯಾಡ್ ಬದಲಿ ಸಿಗುತ್ತಾ ಅಂತ ಮೊದಲೇ ನೋಡಿ. ಇಎಂಐ ಮೇಲೆ ಬೇಡ.

30 ಸಾವಿರ ಇದ್ದು, ಕೋಣೆ ಶಾಂತವಾಗಿದ್ದು, ಸಂಗೀತ ಅಂದರೆ ಪ್ರಾಣ ಅನ್ನುವವರು ತಗೊಳ್ಳಲಿ. ಖುಷಿಗೆ ಖರ್ಚು ಮಾಡೋದು ಅಪರಾಧ ಅಲ್ಲ. ಆದರೆ ಬಾಡಿಗೆ ಕಟ್ಟೋಕೆ ಒದ್ದಾಡುವ ಹುಡುಗಿ, ತನ್ನ ರಸ್ತೆಯ ಗದ್ದಲಕ್ಕೆ ಒಂದು ತಿಂಗಳ ಸಂಬಳದ ದಂಡ ಕಟ್ಟಬಾರದು.

ಯಾವುದನ್ನು ಕೊಂಡರೂ ಇನ್ನೊಂದು ಕೆಲಸ ಮಾಡಿ. ರಾತ್ರಿ 10ರ ಮೇಲೆ ಪಕ್ಕದ ಸೈಟಿನಲ್ಲಿ ಯಂತ್ರ ಓಡಿದರೆ 112ಕ್ಕೆ ಕರೆ ಮಾಡಿ, ಸಮಯ ಬರೆದಿಡಿ, ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಒಬ್ಬರ ದೂರು ಕಸದ ಬುಟ್ಟಿಗೆ ಹೋಗಬಹುದು. ಒಂದೇ ಬೀದಿಯ ಇಪ್ಪತ್ತು ದೂರು ಅಷ್ಟು ಸುಲಭಕ್ಕೆ ಹೋಗಲ್ಲ. ನಗರ ಪಾಲಿಕೆ ಚುನಾವಣೆಗೆ ಓಟು ಕೇಳಲು ಬರುವವರನ್ನು ರಸ್ತೆ ಗುಂಡಿ, ಕಸದ ಜೊತೆಗೆ ಇದನ್ನೂ ಕೇಳಿ: ನಮ್ಮ ವಾರ್ಡಿನಲ್ಲಿ ರಾತ್ರಿ 45 ಡೆಸಿಬೆಲ್ ಮಿತಿಯನ್ನು ಯಾರು, ಹೇಗೆ ಜಾರಿ ಮಾಡ್ತೀರಿ? ಅವರ ಪ್ರಚಾರದ ಆಟೋದ ಮೈಕ್ ಆರಿಸಿದ ಮೇಲೆ ಉತ್ತರ ಹೇಳಲಿ.